ಹಾರುವ ಮುನ್ನ ತಾಲ್ಲೂಕು ಕಚೇರಿ: ಗಂಡ–ಹೆಂಡತಿ ವೀಸಾಕ್ಕೆ ಕಾಗದ ಹೊಂದಿಸುವ ಬಗೆ

ಹುಡುಗ ಲಂಡನ್ನಿನಲ್ಲಿದ್ದಾನೆ, ಡಲ್ಲಾಸಿನಲ್ಲಿದ್ದಾನೆ, ದುಬೈನಲ್ಲಿದ್ದಾನೆ ಎಂದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮಾತುಕತೆಯಲ್ಲಿ ಹಿರಿಯರು ಕೇಳುವುದು ಪಗಾರ ಎಷ್ಟು, ಹೊಲ ಎಷ್ಟು, ಅಣ್ಣತಮ್ಮಂದಿರು ಎಷ್ಟು ಮಂದಿ ಎಂದು. ‘ಯಾವ ವೀಸಾದ ಮ್ಯಾಲೆ ಅದೀಯಪ್ಪಾ?’ ಎಂದು ಕೇಳುವವರು ಕಡಿಮೆ. ಮದುವೆಯಾದ ಮೇಲೆ ಹುಡುಗಿ ಜೊತೆಗೆ ಹೋಗುತ್ತಾಳೋ, ಹೋದರೆ ಅಲ್ಲಿ ಕೆಲಸ ಮಾಡಲು ಬರುತ್ತದೋ, ಇಲ್ಲ ತವರಲ್ಲೇ ವರ್ಷಗಟ್ಟಲೆ ಕಾಯಬೇಕೋ ಎಂಬುದೆಲ್ಲ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ನಿಶ್ಚಯ ಮಾಡುವ ಮೊದಲೇ ವೀಸಾದ ನಕಲು ಕೇಳಿ ನೋಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಉತ್ತರದಿಂದ ಉತ್ತರಕ್ಕೆ ಎಷ್ಟು ವ್ಯತ್ಯಾಸ ನೋಡಿ. ಬ್ರಿಟನ್ನಿಗೆ ಎಂ.ಎಸ್ಸಿ. ಓದಲು ಹೋದವನ ಕೋರ್ಸು 2024ರ ಜನವರಿ 1ರ ನಂತರ ಶುರುವಾಗಿದ್ದರೆ ಅವನು ಹೆಂಡತಿಯನ್ನು ಡಿಪೆಂಡೆಂಟ್ ಎಂದು ಕರೆಸಿಕೊಳ್ಳುವಂತಿಲ್ಲ. ಪಿಎಚ್.ಡಿ.ಯಂಥ ಸಂಶೋಧನೆಯ ಕೋರ್ಸಿಗೆ ಮುಖ್ಯವಾಗಿ ಆ ಅವಕಾಶ ಉಳಿದಿದೆ. ವೃದ್ಧರ ಆರೈಕೆಗೆಂದು ಕೇರ್ ವರ್ಕರ್ ವೀಸಾದಲ್ಲಿ ಹೊಸದಾಗಿ ಹೋದವರಿಗೆ 2024ರ ಮಾರ್ಚ್ 11ರಿಂದ ಅದೇ ನಿರ್ಬಂಧ. ಆದರೆ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಅಲ್ಲಿ ನೋಂದಾಯಿತ ನರ್ಸ್ ಆದ ಹೆಣ್ಣುಮಗಳು ಗಂಡನನ್ನು ಕರೆದುಕೊಂಡು ಹೋಗಬಹುದು. ಅಮೆರಿಕದಲ್ಲಿ ಎಚ್-1ಬಿ ಇದ್ದವನ ಹೆಂಡತಿಗೆ ಎಚ್-4 ಸಿಗುತ್ತದೆ. ಆದರೆ ಅವಳು ಕೆಲಸ ಮಾಡಬೇಕೆಂದರೆ ಸಾಮಾನ್ಯವಾಗಿ ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿರಬೇಕು. 2015ರಿಂದ ಜಾರಿಯಲ್ಲಿರುವ ನಿಯಮ ಇದು. ಎಂ.ಟೆಕ್. ಓದಿದ ಹುಡುಗಿ ಅಲ್ಲಿಗೆ ಹೋಗಿ ಅಡುಗೆಮನೆಯಲ್ಲಿ ಕೂತು ಕಂಗೆಡುವುದು ಈ ಒಂದು ಸಂಗತಿ ಗೊತ್ತಿರದೆ. ಕೆನಡಾದಲ್ಲಿ ಓದುವವರ, ದುಡಿಯುವವರ ಸಂಗಾತಿಗೆ ಸಿಗುತ್ತಿದ್ದ ಓಪನ್ ವರ್ಕ್ ಪರ್ಮಿಟ್ಟನ್ನು 2025ರ ಜನವರಿ 21ರಿಂದ ಬಿಗಿಮಾಡಿದ್ದಾರೆ. 16 ತಿಂಗಳಿಗಿಂತ ಚಿಕ್ಕ ಮಾಸ್ಟರ್ಸ್ ಕೋರ್ಸಾದರೆ ಅದು ಸಿಗುವುದಿಲ್ಲ. ಜರ್ಮನಿಗೆ ಹೋಗುವ ಹೆಂಡತಿ ಎ1 ಹಂತದ ಜರ್ಮನ್ ಪರೀಕ್ಷೆ ಪಾಸಾಗಬೇಕು, ಗಂಡನ ಕೈಯಲ್ಲಿ ಬ್ಲೂ ಕಾರ್ಡ್ ಇದ್ದರೆ ಬೇಕಿಲ್ಲ. ಯುಎಇಯಲ್ಲಿ ಗಂಡನ ಸಂಬಳ ತಿಂಗಳಿಗೆ 4,000 ದಿರ್ಹಾಮ್, ಅಥವಾ 3,000 ದಿರ್ಹಾಮ್ ಜೊತೆಗೆ ವಸತಿ ಇದ್ದರೆ ಹೆಂಡತಿಗೆ ವೀಸಾ ಮಾಡಿಸಬಹುದು.

ಇಷ್ಟು ತಿಳಿಯಿತು ಎಂದರೆ ಎಲ್ಲರೂ ಓಡುವುದು ಬೆಂಗಳೂರು, ಹೈದರಾಬಾದಿನ ಏಜೆಂಟರ ಹತ್ತಿರ. ನನ್ನ ಪ್ರಕಾರ ಅದು ಉಲ್ಟಾ ದಾರಿ. ನಮ್ಮ ಕಡೆಯ ಅರ್ಜಿಗಳಿಗೆ ತೊಡಕಾಗುವುದು ಹೆಚ್ಚಾಗಿ ನಮ್ಮೂರಿನ ಕಾಗದಗಳೇ: ಕನ್ನಡ ಶಾಲೆಯ ದಾಖಲಾತಿ ಪುಸ್ತಕ, ಪಂಚಾಯಿತಿಯ ಜನನ ರಿಜಿಸ್ಟರ್, ಸಬ್‌ ರಿಜಿಸ್ಟ್ರಾರ್ ಕಚೇರಿಯ ಪ್ರಮಾಣಪತ್ರ. ಇವು ಒಂದಕ್ಕೊಂದು ಹೊಂದದಿದ್ದರೆ ಎಷ್ಟು ದೊಡ್ಡ ಏಜೆಂಟನಾದರೂ ಏನೂ ಮಾಡಲಾರ. ಹೊಂದಿದವೆಂದರೆ ಅರ್ಜಿಯನ್ನು ಓದುಬರಹ ಬಲ್ಲ ಯಾರೇ ಆಗಲಿ ಮನೆಯಲ್ಲಿ ಕೂತು ತುಂಬಬಹುದು.

ಹೆಸರು, ಊರು, ಜೂನ್ 1

ರೇಣುಕಾ ಎಂಬ ಹುಡುಗಿ ಎಂದಿಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ‘ರೇಣುಕಾ’, ಕೆಳಗೆ ತಂದೆಯ ಹೆಸರು ಮಲ್ಲಪ್ಪ. ಪ್ಯಾನ್ ಕಾರ್ಡಿನಲ್ಲಿ ‘ರೇಣುಕಾ ಮಲ್ಲಪ್ಪ’. ಲಗ್ನಪತ್ರಿಕೆಯಲ್ಲಿ ‘ಚಿ.ಕುಂ.ಸೌ. ರೇಣುಕಾದೇವಿ’. ಮದುವೆಯಾದ ಮೇಲೆ ರೇಷನ್ ಕಾರ್ಡಿನಲ್ಲಿ ‘ರೇಣುಕಾ ಗಂಡ ಶಿವರಾಜ’. ಪಾಸ್‌ಪೋರ್ಟ್ ಅರ್ಜಿ ತುಂಬಿದ ಸೈಬರ್ ಕೆಫೆಯ ಹುಡುಗ ತನಗೆ ತೋಚಿದಂತೆ ಅಡ್ಡಹೆಸರಿನ ಜಾಗದಲ್ಲಿ ‘ಪಾಟೀಲ’ ಎಂದು ಸೇರಿಸಿದ್ದಾನೆ. ಊರಿನಲ್ಲಿ ಇವೆಲ್ಲ ಒಬ್ಬಳೇ ಎಂದು ಯಾರಿಗೂ ಹೇಳಬೇಕಿಲ್ಲ. ವೀಸಾ ಅಧಿಕಾರಿಯ ಮೇಜಿನ ಮೇಲೆ ಮಾತ್ರ ಅವರು ಐದು ಮಂದಿ ಹೆಂಗಸರು.

ಹೀಗಾಗಿ ಮೊದಲ ಕೆಲಸ: ಗಂಡ ಹೆಂಡತಿ ಇಬ್ಬರದೂ ಎಲ್ಲ ಕಾಗದ ಹಾಸಿಗೆಯ ಮೇಲೆ ಹರಡಿಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಹೋಲಿಸುವುದು. ಶರಣಬಸಪ್ಪ ಎಂಬ ಹೆಸರಿನ ನಡುವೆ ಒಂದು ‘ಎ’ ಇದೆಯೋ ಇಲ್ಲವೋ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ತಿದ್ದುಪಡಿಗೆ ಆಧಾರವಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಹಿಡಿಯಿರಿ. ಅದಕ್ಕೆ ಹೊಂದುವಂತೆ ಆಧಾರ್, ಆಮೇಲೆ ಪ್ಯಾನ್, ಆಮೇಲೆ ಪಾಸ್‌ಪೋರ್ಟ್, ಕಡೆಗೆ ವಿವಾಹ ಪ್ರಮಾಣಪತ್ರ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಜನ್ಮ ದಿನಾಂಕವನ್ನು ಒಂದೇ ಸಲ ತಿದ್ದಲು ಬರುತ್ತದೆ. ಅವಸರ ಮಾಡಿ ಆ ಒಂದು ಅವಕಾಶ ಹಾಳುಮಾಡಿಕೊಳ್ಳಬೇಡಿ.

ಲಗ್ನವಾದ ಕೂಡಲೇ ಗಂಡನ ಮನೆಯ ಹೆಸರಿಗೆ ಬದಲಾಗಬೇಕು ಎಂಬ ಒತ್ತಾಯ ಅತ್ತೆಮನೆಯಿಂದ ಬರುತ್ತದೆ. ಪಾಸ್‌ಪೋರ್ಟಿಗೆ ಅದು ಬೇಕಿಲ್ಲ. ತವರಿನ ಹೆಸರು ಹಾಗೇ ಇಟ್ಟುಕೊಂಡು, ಕೊನೆಯ ಪುಟದಲ್ಲಿ ಗಂಡನ ಹೆಸರು ಸೇರಿಸಿಕೊಂಡರೆ ಆಯಿತು. ಹೆಸರು ಬದಲಿಸದವರ ಕೆಲಸ ಸಲೀಸಾಗುತ್ತದೆ, ಓದಿನ ಕಾಗದಗಳಿಗೆ ಮತ್ತೆ ವಿವರಣೆ ಕೊಡುವ ಗೋಜು ಇರುವುದಿಲ್ಲ. ಒಂದೇ ಹೆಸರಿರುವವರು ಮಾತ್ರ ಪಾಸ್‌ಪೋರ್ಟಿನಲ್ಲಿ ಹೆಸರು, ಅಡ್ಡಹೆಸರು ಎರಡೂ ಜಾಗ ತುಂಬಿಸಿಕೊಳ್ಳುವುದು ಒಳ್ಳೆಯದು. ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬೀಳುತ್ತದೆ. ಯುಎಇ 2022ರ ನವೆಂಬರಿನಿಂದ ಅಂಥವರಿಗೆ ವಿಸಿಟ್ ವೀಸಾ ಕೊಡುವುದನ್ನು ಬಿಗಿಮಾಡಿದೆ.

ಜನ್ಮ ದಿನಾಂಕದ ಕಥೆ ಬೇರೆ. ಮುಖ್ಯಗುರುಗಳು ಶಾಲೆಗೆ ಸೇರಿಸಿಕೊಳ್ಳುವಾಗ ಬರೆದ ಜೂನ್ 1ರಂದೇ ನಮ್ಮ ಅರ್ಧ ಜಿಲ್ಲೆ ಹುಟ್ಟಿದೆ. ಗಂಡ ಹೆಂಡತಿ ಇಬ್ಬರೂ ಜೂನ್ 1 ಆದರೆ ತಪ್ಪೇನೂ ಅಲ್ಲ, ಎಲ್ಲ ಕಾಗದದಲ್ಲೂ ಅದೇ ಇದ್ದರೆ ಸಾಕು. ಶಾಲೆಯಲ್ಲಿ ಜೂನ್ 1, ಆಸ್ಪತ್ರೆಯ ವರದಿಯಿಂದ ಬಂದ ಜನನ ಪ್ರಮಾಣಪತ್ರದಲ್ಲಿ ಶ್ರಾವಣದ ಯಾವುದೋ ದಿನ ಎಂದಾಗ ತೊಂದರೆ. ಮನೆಯಲ್ಲೇ ಹುಟ್ಟಿ ಜನನ ನೋಂದಣಿಯೇ ಆಗದವರು ಈಗ ಮಾಡಿಸಬಹುದು. ಒಂದು ವರ್ಷ ದಾಟಿದ ಜನನವನ್ನು ನೋಂದಾಯಿಸಲು, 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕು. ಅಮೆರಿಕದ ವಲಸೆ ವೀಸಾಕ್ಕೆ ಹೊಸದಾಗಿ ಮಾಡಿಸಿದ ಪ್ರಮಾಣಪತ್ರವೊಂದೇ ಸಾಲದೆ ಹೋಗಬಹುದು. ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಹೆತ್ತವರ ಅಫಿಡವಿಟ್ ಇಟ್ಟುಕೊಳ್ಳಿ.

ಊರಿನ ಹೆಸರಿಗೂ ಇದೇ ಗತಿ. ಗುಲಬರ್ಗಾ 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ಶಹಾಪುರ, ಸುರಪುರ ಕಡೆಯವರು 2009ರ ಕೊನೆಗೆ ಯಾದಗಿರಿ ಜಿಲ್ಲೆಗೆ ಹೋದರು. ಜೇವರ್ಗಿಯ ಒಂದು ಭಾಗ ಈಗ ಯಡ್ರಾಮಿ ತಾಲ್ಲೂಕು. ಜನನ ಪತ್ರದಲ್ಲಿ ‘ಜೇವರ್ಗಿ ತಾಲ್ಲೂಕು, ಗುಲಬರ್ಗಾ’, ಆಧಾರ್‌ನಲ್ಲಿ ‘ಯಡ್ರಾಮಿ ತಾಲ್ಲೂಕು, ಕಲಬುರಗಿ’ ಎಂದಿದ್ದರೆ ಗಾಬರಿಯಾಗಿ ತಿದ್ದಿಸಲು ಓಡಬೇಡಿ. ಅರ್ಜಿಯ ಜೊತೆ ಇಡುವ ಪತ್ರದಲ್ಲಿ ಎರಡು ಸಾಲಿನಲ್ಲಿ ಇದನ್ನು ಬರೆದರೆ ಮುಗಿಯಿತು.

ಲಗ್ನ ಆಯಿತು, ನೋಂದಣಿ?

ಸ್ವಾಮಿಗಳು ಆಶೀರ್ವಾದ ಮಾಡಿ, ಅಕ್ಕಿಕಾಳು ಬಿದ್ದು, ಸಾವಿರ ಮಂದಿ ಉಂಡು ಹೋದರೂ ವೀಸಾ ಕಚೇರಿಗೆ ಬೇಕಾದದ್ದು ಸಬ್‌ ರಿಜಿಸ್ಟ್ರಾರ್ ಕೊಟ್ಟ ಒಂದು ಹಾಳೆ. ಮದುವೆಗಳನ್ನೆಲ್ಲ, ಯಾವ ಧರ್ಮದ್ದೇ ಇರಲಿ, ನೋಂದಾಯಿಸಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕು ಕೇಂದ್ರಗಳಲ್ಲಿ ಸಬ್‌ ರಿಜಿಸ್ಟ್ರಾರ್ ಕಚೇರಿ ಇದೆ. ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿಗೆ ಕಾವೇರಿ 2.0 ತಂತ್ರಾಂಶದಲ್ಲಿ 2024ರಿಂದ ಮನೆಯಿಂದಲೇ ಅರ್ಜಿ ಹಾಕುವ ಸೌಲಭ್ಯವೂ ಬಂದಿದೆ.

ಕಚೇರಿಗೇ ಹೋದರೆ ಕೌಂಟರಿನಲ್ಲಿ ಬರುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: “ಅಕ್ಕಾರ, ಲಗ್ನಪತ್ರಿಕಿ ತಂದೀರೇನ್ರಿ?” ಪತ್ರಿಕೆ ಇದ್ದರೂ ಅದರಲ್ಲಿ ಹೆಸರು ಬೇರೆ, ಅಥವಾ ಮುಹೂರ್ತದ ತಾರೀಖು ಒಂದು, ಮದುವೆ ನಡೆದದ್ದು ಮರುದಿನ. ಹಾಗಾಗಿ ಪತ್ರಿಕೆ ಅಚ್ಚಿಗೆ ಕೊಡುವಾಗಲೇ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೇ ಹಾಕಿಸಿ. ಪ್ರೀತಿಯಿಂದ ಕರೆಯುವ ಹೆಸರು ಬೇಕೇ ಬೇಕೆಂದರೆ ಪಕ್ಕದಲ್ಲಿ ಬರಲಿ. ಜಂಟಿ ಫೋಟೋ, ತಾಳಿ ಕಟ್ಟುವ ಹೊತ್ತಿನ ಫೋಟೋ, ಇಬ್ಬರ ವಯಸ್ಸಿನ ಮತ್ತು ವಿಳಾಸದ ದಾಖಲೆ, ಮದುವೆ ಕಂಡ ಸಾಕ್ಷಿಗಳು ಬೇಕು. ಸಾಕ್ಷಿಗಳಾಗಿ ಆಧಾರ್ ಇರುವ, ಕರೆದಾಗ ಬರುವ ನೆಂಟರನ್ನು ಆರಿಸಿಕೊಳ್ಳಿ, ಊರ ಗೌಡರನ್ನಲ್ಲ.

ಮಠಗಳ ಸಾಮೂಹಿಕ ವಿವಾಹದಲ್ಲಿ ಲಗ್ನವಾದವರಿಗೆ ಇಲ್ಲೊಂದು ತಾಪತ್ರಯ. ಅಚ್ಚಾದ ಪತ್ರಿಕೆಯಲ್ಲಿ ಐವತ್ತೊಂದು ಜೋಡಿ ಎಂದಿರುತ್ತದೆ, ನಿಮ್ಮ ಹೆಸರಿರುವುದಿಲ್ಲ. ಫೋಟೋದಲ್ಲಿ ಯಾರ ಪಕ್ಕ ಯಾರು ಎಂಬುದೂ ತಿಳಿಯುವುದಿಲ್ಲ. ಅದೇ ದಿನ ಮಠದಿಂದ ಜೋಡಿಯ ಹೆಸರಿರುವ ಪತ್ರ ಬರೆಸಿಕೊಳ್ಳಿ, ಇಬ್ಬರದ್ದೇ ನಾಲ್ಕು ಫೋಟೋ ಬೇರೆಯಾಗಿ ತೆಗೆಸಿಕೊಳ್ಳಿ.

ಗಡಿಯ ಊರುಗಳಲ್ಲಿ ಹೆಣ್ಣು ಅಕ್ಕಲಕೋಟೆಯದು, ಲಗ್ನ ಸೊಲ್ಲಾಪುರದ ಕಾರ್ಯಾಲಯದಲ್ಲಿ, ವಾಸ ಆಳಂದದಲ್ಲಿ ಎಂಬುದು ತೀರ ಸಾಮಾನ್ಯ. ಲಗ್ನ ಆದ ಕಡೆ ನೋಂದಾಯಿಸಿದರೆ ಪ್ರಮಾಣಪತ್ರ ಮರಾಠಿಯಲ್ಲಿ ಬರಬಹುದು. ಚಿಂತೆ ಬೇಡ, ಅನುವಾದ ಮಾಡಿಸಿದರಾಯಿತು. ಕಾಗದ ಎರಡು ರಾಜ್ಯದ್ದೆಂದು ಎರಡು ಕಡೆ ನೋಂದಣಿ ಮಾಡಿಸಿ ಎರಡು ತಾರೀಖು ಹುಟ್ಟುಹಾಕುವುದು ಮಾತ್ರ ಬೇಡ.

ಮುಸ್ಲಿಂ ಕುಟುಂಬಗಳು ನಿಕಾಹನಾಮಾ ಜೋಪಾನವಾಗಿಟ್ಟುಕೊಂಡಿರುತ್ತವೆ, ಆದರೆ ಅದು ಉರ್ದುವಿನಲ್ಲಿ, ಕೈಬರಹದಲ್ಲಿ. ವಕ್ಫ್ ಮಂಡಳಿಯ ಅಧಿಕಾರಿಗಳು ವಿವಾಹ ಪ್ರಮಾಣಪತ್ರ ಕೊಡಬಹುದೆಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಹೊರಡಿಸಿದ್ದ ಆದೇಶಕ್ಕೆ ಹೈಕೋರ್ಟ್ 2024ರ ನವೆಂಬರಿನಲ್ಲಿ ತಡೆ ಕೊಟ್ಟಿತು. ಹಾಗಾಗಿ ಆ ಕಾಗದದ ಮೇಲೆ ವೀಸಾದ ಭಾರ ಹಾಕದೆ ಸಬ್‌ ರಿಜಿಸ್ಟ್ರಾರ್ ಬಳಿ ನೋಂದಣಿ ಮಾಡಿಸುವುದು ಕ್ಷೇಮ. 1954ರ ವಿಶೇಷ ವಿವಾಹ ಕಾಯ್ದೆಯಡಿ, ಆಗಲೇ ಆದ ನಿಕಾಹನ್ನೂ 30 ದಿನದ ನೋಟಿಸಿನ ನಂತರ ನೋಂದಾಯಿಸಲು ಅವಕಾಶವಿದೆ. ಆದರೆ ಹಾಗೆ ಮಾಡಿದರೆ ಆಸ್ತಿಯ ಉತ್ತರಾಧಿಕಾರಕ್ಕೆ ಅನ್ವಯವಾಗುವ ಕಾನೂನೂ ಬದಲಾಗುತ್ತದೆ. ಈ ಮಾತನ್ನು ಕೌಂಟರಿನಲ್ಲಿ ಯಾರೂ ಹೇಳುವುದಿಲ್ಲ, ವಕೀಲರನ್ನು ಕೇಳಿಯೇ ಸಹಿ ಹಾಕಿ.

ಸೋದರಮಾವನ ಮದುವೆ ಮತ್ತು ಇತರ ಸೂಕ್ಷ್ಮಗಳು

ಈ ಭಾಗ ಬರೆಯಲೇಬೇಕು, ಏಕೆಂದರೆ ಏಜೆಂಟರು ಕೇಳುವುದಿಲ್ಲ, ಮನೆಯವರಿಗೆ ಹೊಳೆಯುವುದಿಲ್ಲ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮಲ್ಲಿ ವಾಡಿಕೆ. ರೂಢಿ ಇರುವ ಕಡೆ ಹಿಂದೂ ವಿವಾಹ ಕಾಯ್ದೆಯೂ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಬ್ರಿಟನ್ನಿನ ವಲಸೆ ನಿಯಮ ಮಾತ್ರ ಗಂಡ ಹೆಂಡತಿ ಅಲ್ಲಿಯ 1949ರ ವಿವಾಹ ಕಾಯ್ದೆ ನಿಷೇಧಿಸಿದ ಸಂಬಂಧದವರಾಗಿರಬಾರದು ಎನ್ನುತ್ತದೆ. ಆ ಪಟ್ಟಿಯಲ್ಲಿ ಸೋದರಮಾವ–ಅಕ್ಕನ ಮಗಳು ಇದ್ದಾರೆ. ಅಂದರೆ ಕಲಬುರಗಿಯಲ್ಲಿ ಕಾನೂನುಬದ್ಧವಾಗಿ ನೋಂದಣಿಯಾದ ಮದುವೆಗೂ ಬ್ರಿಟನ್ನಿನ ಸ್ಪೌಸ್ ವೀಸಾ ಸಿಗದೆ ಹೋಗಬಹುದು. ಅತ್ತೆಯ ಮಗ, ಮಾವನ ಮಗಳ ಮದುವೆಗೆ ಈ ತಡೆ ಇಲ್ಲ. ಆಸ್ಟ್ರೇಲಿಯಾ, ಕೆನಡಾದ ವಿವಾಹ ಕಾನೂನುಗಳು ಸೋದರಮಾವನ ಮದುವೆಯನ್ನು ನಿಷೇಧಿಸಿಲ್ಲ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು, ಬಹುತೇಕ ಕಡೆ ಒಪ್ಪುವುದಿಲ್ಲ. ಅಲ್ಲಿ ನೆಲೆಸುವ ಯೋಚನೆ ಇರುವವರು ಅರ್ಜಿಗೆ ಮೊದಲು ಆ ರಾಜ್ಯದ ವಲಸೆ ವಕೀಲರಲ್ಲಿ ಕೇಳಬೇಕು. ಸಂಬಂಧ ಬೆಳೆಸುವ ಮೊದಲೇ ಈ ಲೆಕ್ಕ ಹಾಕಿದರೆ ಇನ್ನೂ ಒಳ್ಳೆಯದು.

ಮದುವೆಯ ದಿನ ಹುಡುಗಿಗೆ 18 ತುಂಬಿರದಿದ್ದರೆ ಪರಿಸ್ಥಿತಿ ಬಿಗಡಾಯಿಸುತ್ತದೆ. ಕರ್ನಾಟಕದ 2016ರ ತಿದ್ದುಪಡಿ ಕಾಯ್ದೆ ಜಾರಿಯಾದ ಮೇಲೆ ನಡೆದ ಬಾಲ್ಯವಿವಾಹ ಮೂಲದಲ್ಲೇ ಅಸಿಂಧು. ಇಂಥಲ್ಲಿ ಕೆಲವರು ಲಗ್ನದ ತಾರೀಖು ಮುಂದೆ ಹಾಕಿ ಪ್ರಮಾಣಪತ್ರ ಮಾಡಿಸುತ್ತಾರೆ, ಹಳೆಯ ಫೇಸ್‌ಬುಕ್ ಫೋಟೋ ಅದನ್ನು ಬಯಲು ಮಾಡುತ್ತದೆ. ಇಬ್ಬರೂ ಪ್ರಾಯಕ್ಕೆ ಬಂದಿದ್ದು, ಇಬ್ಬರಿಗೂ ಮನಸ್ಸಿದ್ದರೆ ವಕೀಲರ ಸಲಹೆ ಪಡೆದು ವಿಶೇಷ ವಿವಾಹ ಕಾಯ್ದೆಯಡಿ ಈಗ ಮದುವೆಯಾಗುವುದು ನೇರ ದಾರಿ.

ಗಂಡ ತೀರಿಕೊಂಡು ಉಡಿಕಿ (ಮರುಮದುವೆ) ಆದವರಿಗೆ ಮೊದಲ ಗಂಡನ ಮರಣ ಪ್ರಮಾಣಪತ್ರ ಬೇಕು. ಹಿರಿಯರು ಕೂತು ಸೋಡಚೀಟಿ ಬರೆಸಿ ಬಿಡಿಸಿದ ಸಂಬಂಧವಾದರೆ, ಆ ಚೀಟಿಯನ್ನು ವಿದೇಶಿ ಅಧಿಕಾರಿಗಳು ವಿಚ್ಛೇದನವೆಂದು ಒಪ್ಪುವುದು ದೂರದ ಮಾತು. ಕೋರ್ಟಿನ ಡಿಕ್ರಿಯನ್ನೇ ಪಡೆಯಿರಿ. ಮೊದಲ ಮದುವೆಯನ್ನು ಅರ್ಜಿಯಲ್ಲಿ ಮುಚ್ಚಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಸಂಸಾರ ನಿಜವೆಂದು ತೋರಿಸುವುದು

ಹಿರಿಯರು ನೋಡಿ ಮಾಡಿದ ಮದುವೆ, ಮೂರು ವಾರದ ರಜೆಯಲ್ಲಿ ಮುಗಿದ ಲಗ್ನ, ಆಮೇಲೆ ಗಂಡ ಹಾರಿಹೋದ. ಅಧಿಕಾರಿಗೆ ಅನುಮಾನ ಬರುವುದು ಸಹಜ. ಕೆನಡಾದ ಅರ್ಜಿಯಲ್ಲಿ ಮೊದಲು ಎಲ್ಲಿ ಭೇಟಿಯಾದಿರಿ, ಯಾರು ಪರಿಚಯ ಮಾಡಿಸಿದರು, ಮದುವೆಗೆ ಯಾರೆಲ್ಲ ಬಂದಿದ್ದರು ಎಂದು ಪ್ರಶ್ನಾವಳಿಯೇ ಇದೆ. ಆಸ್ಟ್ರೇಲಿಯಾ 309 ಪಾರ್ಟ್‌ನರ್ ವೀಸಾಕ್ಕೆ ಸಂಬಂಧವನ್ನು ನಾಲ್ಕು ಕಡೆಯಿಂದ ತೂಗುತ್ತದೆ: ಹಣಕಾಸು, ಮನೆವಾರ್ತೆ, ನೆಂಟರಿಷ್ಟರ ನಡುವಿನ ಗುರುತು, ಪರಸ್ಪರ ಬದ್ಧತೆ.

ಹಣಕಾಸಿನಲ್ಲಿ ನಮ್ಮ ಮನೆಗಳು ಎಡವುವುದು ಹೀಗೆ: ಗಂಡ ತಿಂಗಳು ತಿಂಗಳು ಹಣ ಕಳಿಸುತ್ತಾನೆ, ಅದು ಹೋಗುವುದು ಅತ್ತೆಯ ಅಥವಾ ಮೈದುನನ ಖಾತೆಗೆ. ಹೆಂಡತಿಯ ಖಾತೆ ತೆರೆದು ನೋಡಿದರೆ ಗೃಹಲಕ್ಷ್ಮಿಯ ಎರಡು ಸಾವಿರ ಬಿಟ್ಟರೆ ಏನೂ ಇಲ್ಲ. ಊರಿನ ಗ್ರಾಮೀಣ ಬ್ಯಾಂಕಿನಲ್ಲಾದರೂ ಸರಿ, ಅವಳ ಹೆಸರಿನಲ್ಲಿ ಖಾತೆ ಇರಲಿ, ಐದು ಸಾವಿರವಾದರೂ ಪ್ರತಿ ತಿಂಗಳು ನೇರವಾಗಿ ಅಲ್ಲಿಗೆ ಬರಲಿ. ವೀಸಾಕ್ಕೆ ಅದು ಸಾಕ್ಷಿ, ಅವಳಿಗೆ ಕೈಖರ್ಚು. ಎಲ್‌ಐಸಿ ಪಾಲಿಸಿಗೆ, ಪಿಎಫ್‌ಗೆ ನಾಮಿನಿಯಾಗಿ ಅವಳ ಹೆಸರು ಹಾಕಿಸಿ.

ಫೋಟೋಗಳ ವಿಷಯದಲ್ಲಿ ಆಲ್ಬಮ್ಮಿನ ಮುನ್ನೂರು ಚಿತ್ರ ಬೇಡ. ಹೆಣ್ಣು ನೋಡಿದ ದಿನ, ನಿಶ್ಚಯ, ಉಡಿ ತುಂಬಿದ್ದು, ತಾಳಿ, ಆಮೇಲೆ ಗಾಣಗಾಪುರಕ್ಕೆ ಹೋಗಿಬಂದದ್ದು, ಕುಬಸ, ತಮ್ಮನ ಲಗ್ನ. ಹೀಗೆ ಹತ್ತಿಪ್ಪತ್ತು ಆರಿಸಿ, ಒಂದೊಂದರ ಕೆಳಗೆ ತಾರೀಖು, ಊರು, ನಿಂತವರು ಯಾರು ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಮುಖ ತೋರಿಸದೆ ಸೆರಗು ಎಳೆದುಕೊಂಡ ಫೋಟೋ ಉಪಯೋಗಕ್ಕೆ ಬರುವುದಿಲ್ಲ. ವಾಟ್ಸಾಪ್ ಕರೆಗಳಿಗೆ ಬಿಲ್ಲು ಬರುವುದಿಲ್ಲವಾದ್ದರಿಂದ ಪ್ರತಿ ತಿಂಗಳ ಕಾಲ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡಿ, ಮೊಬೈಲ್ ಬದಲಿಸುವ ಮುನ್ನ ಬ್ಯಾಕಪ್ ಮಾಡಿ. ಗಂಡ ಹೆಂಡತಿಯ ಖಾಸಗಿ ಮಾತೆಲ್ಲ ಯಾರಿಗೂ ಬೇಕಿಲ್ಲ, ತಿಂಗಳಿಗೊಂದು ಪುಟ ಸಾಕು.

ಸಂದರ್ಶನಕ್ಕೆ ಕರೆದರೆ ಗಂಡನ ಕಂಪನಿಯ ಹೆಸರು, ಊರು, ಅವನ ಕೆಲಸ ಏನು, ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂಬುದನ್ನು ಹೆಂಡತಿ ತಡವರಿಸದೆ ಹೇಳಬೇಕು. ಅಮೆರಿಕದ ವೀಸಾ ಸಂದರ್ಶನದಲ್ಲಿ ಇಂಗ್ಲಿಷ್ ಬಾರದಿದ್ದರೆ ತಮ್ಮ ಭಾಷೆಯಲ್ಲಿ ಮಾತಾಡುವ ಅವಕಾಶ ಕೇಳಬಹುದು. ಯಾರೋ ಬಾಯಿಪಾಠ ಮಾಡಿಸಿದ ಇಂಗ್ಲಿಷ್ ಉತ್ತರ ಕೊಟ್ಟು ಎರಡನೇ ಪ್ರಶ್ನೆಗೆ ಸುಮ್ಮನಾಗುವುದಕ್ಕಿಂತ ಅದು ಎಷ್ಟೋ ವಾಸಿ.

ಹಣದ ಮಾತು

ಬ್ರಿಟನ್ ನಮ್ಮವರಿಗೆ ಅಪರಿಚಿತವೇನಲ್ಲ. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಗೆ ಓಡಾಡಿದವರು ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ಡಾ. ನೀರಜ್ ಪಾಟೀಲ. ಆದರೆ ಅಲ್ಲಿ ನೆಲೆಸಿದವರನ್ನು ಮದುವೆಯಾಗಿ ಸ್ಪೌಸ್ ವೀಸಾ ಕೇಳುವವರಿಗೆ ಖರ್ಚು ಭಾರಿ. 2025ರ ಏಪ್ರಿಲ್‌ನಿಂದ ಅರ್ಜಿ ಶುಲ್ಕ 1,938 ಪೌಂಡ್ ಆಯಿತು. ಅದರ ಮೇಲೆ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 1,035ರಂತೆ ಮೊದಲ ವೀಸಾ ಅವಧಿಗೆ 3,105 ಪೌಂಡ್. ಎರಡೂ ಸೇರಿ ಐದು ಲಕ್ಷ ರೂಪಾಯಿ ದಾಟುತ್ತದೆ. ಅಲ್ಲಿರುವವರ ವರಮಾನ ವರ್ಷಕ್ಕೆ ಕನಿಷ್ಠ 29,000 ಪೌಂಡ್ ಇರಬೇಕು, 2024ರ ಏಪ್ರಿಲ್ 11ರ ಮೊದಲು ಅದು 18,600 ಇತ್ತು. ಹೆಂಡತಿ ಇಲ್ಲಿ ದುಡಿಯುವ ಸಂಬಳ ಲೆಕ್ಕಕ್ಕಿಲ್ಲ. ಮಾವನ ಹೆಸರಿನಲ್ಲಿ ಭೀಮಾ ದಂಡೆಯ ಇಪ್ಪತ್ತು ಎಕರೆ ಕಬ್ಬು, ತೊಗರಿ ಹೊಲ ಇದ್ದರೂ ಪಹಣಿ ಹಚ್ಚಿ ಉಪಯೋಗವಿಲ್ಲ. ವರಮಾನವಿಲ್ಲದೆ ಬರೀ ಉಳಿತಾಯ ತೋರಿಸುವುದಾದರೆ 88,500 ಪೌಂಡ್ ಆರು ತಿಂಗಳು ಬ್ಯಾಂಕಿನಲ್ಲಿರಬೇಕು. ಅಮೆರಿಕದ ವಲಸೆ ವೀಸಾದಲ್ಲಾದರೆ ಬಡತನ ರೇಖೆಯ ಶೇ 125ರಷ್ಟು ವರಮಾನ ಸಾಕು, ಕಡಿಮೆ ಬಿದ್ದರೆ ಅಲ್ಲಿರುವ ಇನ್ನೊಬ್ಬರು ಜಾಮೀನಾಗಬಹುದು. ಆಸ್ಟ್ರೇಲಿಯಾದ ಪಾರ್ಟ್‌ನರ್ ವೀಸಾಕ್ಕೆ 2025ರ ಜುಲೈನಿಂದ 9,365 ಆಸ್ಟ್ರೇಲಿಯನ್ ಡಾಲರ್ ಆಯಿತು. ತಿರಸ್ಕಾರವಾದರೆ ಆ ಹಣ ವಾಪಸ್ ಬರುವುದಿಲ್ಲ. ಈ ಅಂಕಿಗಳು ವರ್ಷವರ್ಷ ಏರುತ್ತವೆ, ಹಣ ಕಟ್ಟುವ ದಿನ ಆಯಾ ಸರ್ಕಾರದ ಜಾಲತಾಣವನ್ನೇ ನೋಡಿ.

ಬ್ರಿಟನ್ನಿಗೆ ಎ1 ಹಂತದ ಇಂಗ್ಲಿಷ್ ಬೇಕು. ಕನ್ನಡ ಮಾಧ್ಯಮದವರು ಹೆದರಬೇಕಾಗಿಲ್ಲ, ಅದು ಕೇಳುವ ಮತ್ತು ಮಾತಾಡುವ ಪರೀಕ್ಷೆ ಅಷ್ಟೇ. ಆದರೆ ಕಾಲೇಜು ಹುಡುಗರು ಬರೆಯುವ ಮಾಮೂಲಿ ಐಇಎಲ್‌ಟಿಎಸ್ ನಡೆಯುವುದಿಲ್ಲ. ಬ್ರಿಟನ್ ಸರ್ಕಾರ ಮಾನ್ಯ ಮಾಡಿದ ಪರೀಕ್ಷೆಯನ್ನೇ, ಉದಾಹರಣೆಗೆ ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಎ1, ಬರೆಯಬೇಕು. ಟಿ.ಬಿ. ಇಲ್ಲವೆಂಬ ಪ್ರಮಾಣಪತ್ರವೂ ಅಷ್ಟೇ: ಅವರ ಪಟ್ಟಿಯಲ್ಲಿರುವ ಕ್ಲಿನಿಕ್ಕಿನದೇ ಆಗಬೇಕು, ಆರು ತಿಂಗಳು ಮಾತ್ರ ನಡೆಯುತ್ತದೆ.

ಮುದ್ರೆ, ಅನುವಾದ, ಓಡಾಟ

ಕನ್ನಡ, ಮರಾಠಿ, ಉರ್ದು ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಬೇಕು. ಅನುವಾದಕರ ಹೆಸರು, ಸಹಿ, ಸಂಪರ್ಕ ವಿವರ, ತಾರೀಖು, ‘ಇದು ಮೂಲಕ್ಕೆ ನಿಷ್ಠವಾದ ಅನುವಾದ’ ಎಂಬ ಸಾಲು ಅದರ ಮೇಲೆ ಇರಲಿ. ಅನುವಾದದಲ್ಲಿ ಹೆಸರಿನ ಕಾಗುಣಿತ ಪಾಸ್‌ಪೋರ್ಟಿನದೇ ಇರಬೇಕು. ನೋಟರಿ ಹಾಕುವ ಕೆಂಪು ಮುದ್ರೆ ಮೂಲದ ತಪ್ಪನ್ನು ಸರಿಮಾಡುವುದಿಲ್ಲ.

ಗಲ್ಫ್‌ಗೆ, ಜರ್ಮನಿಗೆ ಹೋಗುವವರ ವಿವಾಹ ಪ್ರಮಾಣಪತ್ರಕ್ಕೆ ವಿದೇಶಾಂಗ ಸಚಿವಾಲಯದ ಮುದ್ರೆ ಬೇಕಾಗುತ್ತದೆ. ಸದಸ್ಯ ದೇಶಗಳು ಒಂದೇ ಮುದ್ರೆಯನ್ನು ಒಪ್ಪುವ ಅಪೊಸ್ಟಿಲ್ ಒಪ್ಪಂದಕ್ಕೆ ಭಾರತ 2005ರಲ್ಲೇ ಸೇರಿದೆ, ಸೌದಿ ಅರೇಬಿಯಾ 2022ರ ಕೊನೆಗೆ ಸೇರಿತು. ಯುಎಇ ಇನ್ನೂ ಸೇರಿಲ್ಲದ್ದರಿಂದ ಸಚಿವಾಲಯದ ದೃಢೀಕರಣದ ಮೇಲೆ ಅವರ ರಾಯಭಾರ ಕಚೇರಿಯ ಮುದ್ರೆ, ಅಲ್ಲಿ ಹೋದ ಮೇಲೆ ಅವರ ವಿದೇಶಾಂಗ ಇಲಾಖೆಯ ಮುದ್ರೆ, ಅರಬ್ಬಿ ಅನುವಾದ ಎಲ್ಲ ಬೇಕು. ಅಪೊಸ್ಟಿಲ್‌ಗೆ ಸರ್ಕಾರದ ಶುಲ್ಕ 50 ರೂಪಾಯಿ, ಮೇಲೆ ಸೇವಾಶುಲ್ಕ. ಎಂಟು ಹತ್ತು ಸಾವಿರ ಕೇಳುವವರು ಏತಕ್ಕೆ ಕೇಳುತ್ತಿದ್ದಾರೆ ಎಂದು ರಸೀದಿ ಸಮೇತ ವಿಚಾರಿಸಿ.

ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ (ಪಿಸಿಸಿ) ಕೇಳುವ ದೇಶಗಳಿಗೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ಕಚೇರಿ ಕೊಡುವುದೇ ಆಗಬೇಕು, ಶುಲ್ಕ 500 ರೂಪಾಯಿ. ನೌಕರಿಗೆಂದು ಸ್ಥಳೀಯ ಪೊಲೀಸರಿಂದ ಪಡೆದ ಪತ್ರ ಹಿಡಿದುಕೊಂಡು ಹೋದವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಪಾಸ್‌ಪೋರ್ಟ್, ಪಿಸಿಸಿ ಎರಡಕ್ಕೂ ಕಲಬುರಗಿಗೆ ಹೋದರೆ ಸಾಕು, ಆಳಂದದಿಂದಲೂ ಜೇವರ್ಗಿಯಿಂದಲೂ ಸುಮಾರು 40 ಕಿ.ಮೀ., ಅಫಜಲಪುರದಿಂದ ಇನ್ನಿಷ್ಟು ದೂರ. ವೀಸಾದ ಬೆರಳಚ್ಚಿಗೆ ಬೆಂಗಳೂರೇ ಆಗಬೇಕೆಂದೇನಿಲ್ಲ. ಬ್ರಿಟನ್, ಕೆನಡಾದ ಕೇಂದ್ರಗಳು ಹೈದರಾಬಾದಿನಲ್ಲೂ ಇವೆ. ಕಲಬುರಗಿಯಿಂದ ಅದು ಸುಮಾರು 220 ಕಿ.ಮೀ., ಬೆಂಗಳೂರಾದರೆ 550 ದಾಟುತ್ತದೆ. ಜರ್ಮನಿಗೆ ಮಾತ್ರ ಕರ್ನಾಟಕದವರು ಬೆಂಗಳೂರಿನ ಕಾನ್ಸುಲೇಟಿನ ವ್ಯಾಪ್ತಿಯವರು. ಅಮೆರಿಕದ ವಲಸೆ ವೀಸಾದ ಸಂದರ್ಶನ ಮುಂಬೈನಲ್ಲಿ. ಉದ್ಯಾನ್ ಎಕ್ಸ್‌ಪ್ರೆಸ್ಸು ಕಲಬುರಗಿಯಿಂದ ನೇರ ಹೋಗುತ್ತದೆ, ಮುಂಚಿನ ದಿನವೇ ಹೋಗಿ ಇಳಿದುಕೊಳ್ಳಿ.

ಸುಳ್ಳಿನ ಬೆಲೆ

ಏಜೆಂಟ್ ಬೇಕೇ? ಮೊದಲ ಮದುವೆ, ಹಿಂದೊಮ್ಮೆ ತಿರಸ್ಕಾರ, ಪೊಲೀಸ್ ಕೇಸು, ಸೋದರಮಾವನ ಸಂಬಂಧ ಇಂಥದ್ದಿದ್ದರೆ ವಲಸೆ ವಕೀಲರು ಬೇಕು. ಉಳಿದವರಿಗೆ ಬೇಡ ಎಂದೇ ನನ್ನ ಅಭಿಪ್ರಾಯ. ಬೇಕೆಂದರೂ ಆಸ್ಟ್ರೇಲಿಯಾಕ್ಕೆ ಓಎಂಎಆರ್‌ಎ ನೋಂದಣಿ, ಕೆನಡಾಕ್ಕೆ ಆರ್‌ಸಿಐಸಿ ಪರವಾನಗಿ ಸಂಖ್ಯೆ ಕೇಳಿ, ಅದನ್ನು ಆಯಾ ಜಾಲತಾಣದಲ್ಲಿ ನೀವೇ ಹುಡುಕಿ ನೋಡಿ. ಸಂಖ್ಯೆ ಇಲ್ಲದವರು ಬರೀ ಟೈಪಿಂಗ್ ಮಾಡಿಕೊಡುವವರು, ಅಷ್ಟಕ್ಕೇ ದುಡ್ಡು ಕೊಡಿ.

“ಇದೊಂದು ಸಣ್ಣ ಅಡ್ಜಸ್ಟ್‌ಮೆಂಟ್ ಅಷ್ಟೇ ಸರ್” ಎಂದು ಯಾರಾದರೂ ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್ ತಯಾರಿಸಿಕೊಟ್ಟರೆ ಎದ್ದು ಬನ್ನಿ. ಸಿಕ್ಕಿಬಿದ್ದರೆ ಬ್ರಿಟನ್ 10 ವರ್ಷ, ಕೆನಡಾ 5 ವರ್ಷ, ಆಸ್ಟ್ರೇಲಿಯಾ ಸಾಮಾನ್ಯವಾಗಿ 3 ವರ್ಷ, ಗುರುತಿನ ವಿಷಯದಲ್ಲಾದರೆ 10 ವರ್ಷ ಬಾಗಿಲು ಹಾಕುತ್ತದೆ. ಅಮೆರಿಕದಲ್ಲಿ ಅದು ಜೀವನಪರ್ಯಂತದ ನಿಷೇಧವಾಗಬಹುದು. ಕಾಗದ ಮಾಡಿದವನಿಗೆ ಏನೂ ಆಗುವುದಿಲ್ಲ, ಸಹಿ ನಿಮ್ಮದು.

ಕೊನೆಯ ಮಾತು ಹೆಣ್ಣುಮಕ್ಕಳಿಗೆ. ಅರ್ಜಿಗೆ ಬಳಸುವ ಇಮೇಲ್ ನಿಮ್ಮದೇ ಇರಲಿ, ಪಾಸ್‌ವರ್ಡ್ ಗಂಡನಿಗಷ್ಟೇ ಅಥವಾ ಭಾವನಿಗಷ್ಟೇ ಗೊತ್ತಿರುವುದು ಬೇಡ. ನಿಮ್ಮ ಪಾಸ್‌ಪೋರ್ಟ್, ವಿವಾಹ ಪ್ರಮಾಣಪತ್ರ, ವೀಸಾ ಇವುಗಳ ನಕಲು ಒಂದು ತವರಲ್ಲಿ, ಒಂದು ಡಿಜಿಲಾಕರ್‌ನಲ್ಲಿ ಇಡಿ. ಗಂಡನ ವಿದೇಶದ ವಿಳಾಸ, ಕಂಪನಿಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಕರೆಸಿಕೊಳ್ಳುತ್ತೇನೆಂದು ಹೇಳಿ ಹೋಗಿ ಮಾತು ನಿಲ್ಲಿಸಿದವರ ವಿರುದ್ಧ ದೂರು ಕೊಡಲು ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ 2009ರಿಂದ ಎನ್‌ಆರ್‌ಐ ಘಟಕ ಇದೆ, ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣ ಇದೆ. ಅಲ್ಲಿ ಹೋದ ಮೇಲೆ ಹೊಡೆತ ಬಡಿತ ಶುರುವಾದರೆ, ಗಂಡನನ್ನು ಬಿಟ್ಟ ಮರುದಿನವೇ ದೇಶ ಬಿಡಬೇಕೆಂಬುದು ಸುಳ್ಳು. ಬ್ರಿಟನ್, ಆಸ್ಟ್ರೇಲಿಯಾ, ಅಮೆರಿಕ ಮೂರರಲ್ಲೂ ದೌರ್ಜನ್ಯಕ್ಕೊಳಗಾದ ಸಂಗಾತಿಗೆ, ವೀಸಾದ ಬಗೆಯನ್ನು ನೋಡಿಕೊಂಡು, ಅಲ್ಲೇ ಉಳಿಯಲು ಪ್ರತ್ಯೇಕ ನಿಯಮಗಳಿವೆ. ವಿಮಾನ ಹತ್ತುವ ಮೊದಲು ಹತ್ತಿರದ ಭಾರತೀಯ ರಾಯಭಾರ ಕಚೇರಿಯ ಮತ್ತು ಅಲ್ಲಿಯ ಪೊಲೀಸರ ತುರ್ತು ಸಂಖ್ಯೆಯನ್ನು ಮೊಬೈಲಿನಲ್ಲಷ್ಟೇ ಅಲ್ಲ, ಒಂದು ಚೀಟಿಯಲ್ಲೂ ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ.